ಬಿಸಿಲಿಗಿಟ್ಟ ಭುಜ

ಒಂದು ಚಳಿಗಾಲದಲ್ಲಿ ನನ್ನ ಬಲಭುಜವನ್ನು ನಾವು ಬಿಸಿಲಿಗಿಟ್ಟಿದ್ದೆವು. ನಗಬೇಡಿ. ಮನೆಯವರೆಲ್ಲ ಕೂತು, ಮಾತಾಡಿ, ಒಬ್ಬರೂ ಎದುರಾಡದೆ ತೀರ್ಮಾನಿಸಿ ಮಾಡಿದ ಕೆಲಸ ಅದು. ಮನೆ ಮುಂದಿನ ಸಿಮೆಂಟ್ ಕಣದಲ್ಲಿ ಒಂದು ಕಡೆ ಕೊಬ್ಬರಿ ಹರಡಿತ್ತು, ಇನ್ನೊಂದು ಕಡೆ ಹುರುಳಿ. ನಡುವೆ ಚಾಪೆಯ ಮೇಲೆ ನಾನು, ರವಿಕೆಯ ತೋಳನ್ನು ಮೇಲಕ್ಕೆ ಮಡಚಿ ಭುಜವನ್ನು ಸೂರ್ಯನ ಕಡೆಗೆ ಕೊಟ್ಟುಕೊಂಡು ಕೂತಿದ್ದೆ. ಎಡಗೈಯಲ್ಲಿ ಕಾಗೆ ಓಡಿಸುವ ಕೋಲು ಬೇರೆ. ಹೇಗೂ ಕೂತಿದ್ದಾಳಲ್ಲ, ಕೊಬ್ಬರಿಯನ್ನೂ ಕಾಯಲಿ ಎಂದು ಅತ್ತೆ ಕೊಟ್ಟಿದ್ದರು.

ಭುಜ ಹಿಡಿದುಕೊಂಡದ್ದು ಒಂದೇ ದಿನದಲ್ಲಿ ಅಲ್ಲ. ಮೊದಲು ತಲೆ ಬಾಚಿ ತುರುಬು ಕಟ್ಟುವಾಗ ಚುಳ್ ಎಂದಿತು. ಆಮೇಲೆ ಮೇಲಿನ ಗೂಡಿನಿಂದ ಉಪ್ಪಿನ ಡಬ್ಬಿ ಇಳಿಸುವಾಗ. ಬರಬರುತ್ತ ಬಲಗೈ ಬೆನ್ನ ಹಿಂದಕ್ಕೆ ಹೋಗುವುದನ್ನೇ ಬಿಟ್ಟಿತು. ಮುಂದಕ್ಕೆ ಎತ್ತಿದರೆ ಎದೆಯ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಮೇಲಕ್ಕೆ ಏನು ಮಾಡಿದರೂ ಇಲ್ಲ. ಆ ಮಗ್ಗುಲಿಗೆ ಹೊರಳಿದರೆ ಪ್ರಾಣ ಹೋದ ಹಾಗಾಗುತ್ತಿತ್ತು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಅದಕ್ಕೆ ನೋವೂ ಸೇರಿದ ಮೇಲೆ ಮನೆಯಲ್ಲಿ ಯಾರೂ ನನ್ನ ಬಲಗಡೆ ಸುಳಿಯುತ್ತಿರಲಿಲ್ಲ.

ತಿಪಟೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದೆವು. ಅವರು ಕೈಯನ್ನು ಎತ್ತಿ ತಿರುಗಿಸಿ ನೋಡಿದರು. ಸಕ್ಕರೆ ಕಾಯಿಲೆ ಇದೆಯಾ ಎಂದು ಕೇಳಿದರು. ಇದೆ ಎಂದಾಗ ತಲೆಯಾಡಿಸಿ, "ಫ್ರೋಜನ್ ಶೋಲ್ಡರ್" ಎಂದರು. ನೋವಿಗೆ ಮಾತ್ರೆ ಬರೆದುಕೊಟ್ಟು, "ಬರೀ ಮಾತ್ರೆಯಿಂದ ಸರಿಹೋಗಲ್ಲ. ಫಿಜಿಯೋಥೆರಪಿ ಮಾಡಿಸಿ. ಲೈಸೆನ್ಸ್ ಇರೋರ ಹತ್ರಾನೇ ಹೋಗಿ" ಎಂದರು. ಹೊರಗೆ ಜನ ತುಂಬಿದ್ದರು. ಅಂಥವರು ಎಲ್ಲಿ ಸಿಗುತ್ತಾರೆ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ವಾಪಸು ಬರುವಾಗ ತುರುವೇಕೆರೆ ಬಸ್ಸಿನಲ್ಲಿ ಪಕ್ಕದ ಸೀಟಿನ ಕಾಲೇಜು ಹುಡುಗಿಯನ್ನು ನನ್ನ ಗಂಡ ಕೇಳಿದರು, "ಏನಮ್ಮಾ, ಫ್ರೋಜನ್ ಅಂದ್ರೆ ಏನು?" ಅವಳು ಫೋನಿನಿಂದ ತಲೆ ಎತ್ತದೆ, "ಹೆಪ್ಪುಗಟ್ಟಿರೋದು" ಎಂದಳು. ಅಷ್ಟು ಸಾಕಾಯಿತು ನೋಡಿ. ನನ್ನ ಗಂಡನ ಮುಖ ಬೆಳಗಿತು.

"ಇಷ್ಟೇನಾ ಕಣೇ! ನಮ್ಮನೆ ಕೊಬ್ರಿ ಎಣ್ಣೆ ಬೆಳಗ್ಗೆ ಎದ್ರೆ ಗಡ್ಡೆ ಕಟ್ಕಂಡಿರ್ತೈತಲ್ಲ, ಅಂಗೆ. ಬಿಸ್ಲಿಗೆ ಇಟ್ರೆ ಕರಗ್ತೈತೆ ಬುಡು."

ನಮ್ಮ ಕಡೆಯವರಿಗೆ ಹೆಪ್ಪುಗಟ್ಟುವ ವಸ್ತು ಎಂದರೆ ಗೊತ್ತಿರುವುದು ಹಾಲು ಮತ್ತು ಕೊಬ್ಬರಿ ಎಣ್ಣೆ. ಹಾಲು ಹೆಪ್ಪಾದರೆ ಮತ್ತೆ ಹಾಲಾಗುವುದಿಲ್ಲ, ಆದ್ದರಿಂದ ಎಲ್ಲರಿಗೂ ಎಣ್ಣೆಯೇ ಸರಿ ಎನಿಸಿತು. ಚಳಿಗಾಲದಲ್ಲಿ ಎಣ್ಣೆ ಬಾಟಲಿಯೊಳಗೆ ಬೆಳ್ಳಗೆ ಕಲ್ಲಾಗಿ ಕೂತಿರುತ್ತದೆ. ಅಂಗಳದ ಕಟ್ಟೆಯ ಮೇಲಿಟ್ಟರೆ ಸ್ನಾನಕ್ಕೆ ನೀರು ಕಾಯುವಷ್ಟರಲ್ಲಿ ಕರಗಿ ತಿಳಿಯಾಗಿರುತ್ತದೆ. ಭುಜವೂ ಹಾಗೆಯೇ ಎಂದು ಅತ್ತೆ ಒಪ್ಪಿದರು, ಅವರು ಒಪ್ಪಿದ ಮೇಲೆ ಮನೆಯಲ್ಲಿ ಮಾತಿಲ್ಲ. "ಎಳೆ ಬಿಸ್ಲು ಬೀಳ್ಲಿ. ಆಮ್ಯಾಕೆ ಆ ಮಗ್ಲು ತಿರಿಕ್ಕೋ. ಒಂದೇ ಕಡೆ ಕಾದ್ರೆ ಎಂಗೆ?" ಎಂದು ನನ್ನನ್ನು ಹಪ್ಪಳದ ಹಾಗೆ ಮಗುಚಿ ಹಾಕುತ್ತಿದ್ದರು. ಸಂಕ್ರಾಂತಿ ಬಂದು ಹೋಯಿತು. ಕೈ ಮೇಲೇಳಲಿಲ್ಲ, ಭುಜ ಮಾತ್ರ ಕಪ್ಪಾಯಿತು.

ಕೈ ಎದೆಮಟ್ಟಕ್ಕೆ ನಿಂತರೆ ಏನಂತೆ, ಉಪ್ಪಿನ ಡಬ್ಬಿ ಕೆಳಗಿಟ್ಟುಕೊಂಡರೆ ಆಯಿತಲ್ಲ ಎಂದು ನೆಂಟರು ಹೇಳಿದರು. ಅವರಿಗೆ ನಮ್ಮ ಅಟ್ಟದ ವಿಷಯ ಗೊತ್ತಿಲ್ಲ. ನಮ್ಮದು ಕೊಬ್ಬರಿ ಮಾಡುವ ಮನೆ. ತೋಟದಿಂದ ಕೆಡವಿದ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುವವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ. ಬೇರೆ ಮನೆಗಳಲ್ಲಿ ಕಾಯಿಯನ್ನು ಕುಕ್ಕೆಗೆ ತುಂಬಿ ಹೊತ್ತು ಏಣಿ ಹತ್ತುತ್ತಾರೆ. ನಮ್ಮ ಮನೆಯಲ್ಲಿ ಎಸೆಯುತ್ತೇವೆ. ಅಂದರೆ ನಾನು ಕೆಳಗಿನಿಂದ ಎಸೆಯುತ್ತೇನೆ, ನನ್ನ ಗಂಡ ಅಟ್ಟದ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತು ಹಿಡಿಯುತ್ತಾರೆ.

ಇದು ನಾನು ಮದುವೆಯಾಗಿ ಬಂದ ವರ್ಷ ಶುರುವಾದದ್ದು. ಆಗ ನಮ್ಮಿಬ್ಬರ ನಡುವೆ ಊಟ ಆಯ್ತಾ, ಆಯ್ತು ಎಂಬುದನ್ನು ಬಿಟ್ಟರೆ ಮಾತಿರಲಿಲ್ಲ. ಅವರು ನಾಚುತ್ತಿದ್ದರು, ನಾನು ಹೊಸ ಮನೆಯ ಮೇಲಿನ ಸಿಟ್ಟಿನಲ್ಲಿ ಬಾಯಿ ಕಟ್ಟಿಕೊಂಡಿದ್ದೆ. ಅಟ್ಟ ತುಂಬುವ ದಿನ ಕೆಲಸದವರು ಕೈಕೊಟ್ಟರು. ನನ್ನ ಗಂಡ ಏಣಿಯ ಅರ್ಧಕ್ಕೆ ಇಳಿಯುವುದು, ನಾನು ಒಂದೊಂದೇ ಕಾಯಿ ಕೊಡುವುದು, ಅವರು ಮತ್ತೆ ಹತ್ತುವುದು. ಇದೇನು ಆಮೆ ಕೆಲಸ ಎಂದು ನನಗೆ ರೇಗಿತು. ಒಂದು ಕಾಯಿಯನ್ನು ಬೀಸಿ ಮೇಲಕ್ಕೆ ಎಸೆದುಬಿಟ್ಟೆ. ಅವರು ಬೆಚ್ಚಿ ಹಿಡಿದರು. ಹಿಡಿದ ಮೇಲೆ ನಕ್ಕರು. ಮದುವೆಯಾದ ಮೇಲೆ ಅವರು ನನ್ನನ್ನು ನೋಡಿ ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲು. ಅವತ್ತು ಸಂಜೆಯೊಳಗೆ ಅಟ್ಟವೂ ತುಂಬಿತು, ನಮಗೆ ಮಾತೂ ಬಂತು.

ಅಲ್ಲಿಂದ ಒಂದು ವರ್ಷವೂ ಬಿಟ್ಟಿಲ್ಲ. ಬೈದಾಡಿಕೊಂಡ ವರ್ಷವೂ ಎಸೆದಿದ್ದೇನೆ, ಹೊಟ್ಟೆಯಲ್ಲಿ ಮಗುವಿದ್ದ ವರ್ಷ ಅತ್ತೆ ಗದರಿಸಿದರೂ ಕದ್ದು ನಾಲ್ಕು ಎಸೆದಿದ್ದೇನೆ. ಅಟ್ಟ ತುಂಬುವ ದಿನ ಅವರು ಮೇಲಿನಿಂದ ಹೇಳುವ ಪೋಲಿ ಮಾತುಗಳನ್ನು ವರ್ಷದ ಬೇರೆ ಯಾವ ದಿನವೂ ಹೇಳುವುದಿಲ್ಲ. ನನಗೆ ಆ ದಿನ ಬೇಕು. ಬೇಕೇ ಬೇಕು. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಆದರೆ ಸಂಕ್ರಾಂತಿ ಕಳೆದ ಮೇಲೆ ನನ್ನ ಗಂಡ ಒಂದು ದಿನ ಕೈ ತೊಳೆಯುತ್ತ, ನನ್ನ ಮುಖ ನೋಡದೆ ಹೇಳಿದರು, "ಈ ಸಲ ಎಳ್ನೀರಿಗೆ ಕೊಟ್ಬುಡಾನ ಕಣೇ. ಲಾರಿಯೋರು ಬಂದು ಅವ್ರೇ ಕಿತ್ಕಂಡು ಹೋಯ್ತಾರೆ. ಅಟ್ಟದ ತಾಪತ್ರಯಾನೇ ಇರಕ್ಕಿಲ್ಲ." ನನ್ನ ಮೇಲಿನ ಕರುಣೆಯಿಂದಲೇ ಹೇಳಿದ್ದರು. ನನಗೆ ಮಾತ್ರ ಭಯವಾಯಿತು. ಎಳನೀರಿಗೆ ಕೊಟ್ಟ ಮನೆಗಳನ್ನು ನಾನು ನೋಡಿದ್ದೇನೆ. ಒಂದು ವರ್ಷ ಎಂದು ಶುರುವಾಗುತ್ತದೆ, ಆಮೇಲೆ ಅಟ್ಟದಲ್ಲಿ ಮುರಿದ ಪ್ಲಾಸ್ಟಿಕ್ ಕುರ್ಚಿ, ಹಳೆಯ ಟಿವಿ ಸೇರಿಕೊಳ್ಳುತ್ತವೆ. ಮತ್ತೆ ಅಲ್ಲಿಗೆ ಕಾಯಿ ಹತ್ತುವುದಿಲ್ಲ.

ಆ ಭಯದಲ್ಲಿ ನಾನು ಸಿಕ್ಕವರಿಗೆಲ್ಲ ಭುಜ ಕೊಡಲು ತಯಾರಾದೆ. ಹಂದನಕೆರೆ ಕಡೆಯಿಂದ ಬಂದಿದ್ದ ನೆಂಟರೊಬ್ಬರು ನರ ಬಿಡಿಸುವವರೊಬ್ಬರನ್ನು ಕರೆಸಿಯೇಬಿಟ್ಟರು. ಆತ ನನ್ನನ್ನು ಜಗಲಿಯ ಮೇಲೆ ಮಲಗಿಸಿ, ಕಂಕುಳಿಗೆ ತನ್ನ ಹಿಮ್ಮಡಿ ಕೊಟ್ಟು, ಕೈ ಹಿಡಿದು ಜಗ್ಗಿದ. ನಾನು ಕೂಗಿದ ಕೂಗಿಗೆ ಕೊಟ್ಟಿಗೆಯ ಹಸು ಹಗ್ಗ ಕಿತ್ತುಕೊಂಡಿತು. ಎದ್ದು ನೋಡಿದರೆ ಎದೆಯ ಮಟ್ಟಕ್ಕೆ ಬರುತ್ತಿದ್ದ ಕೈ ಈಗ ಅಷ್ಟೂ ಬರುತ್ತಿಲ್ಲ.

"ಇದನ್ನ ಎಲ್ಲಿ ಕಲ್ತಿದ್ದು ನೀವು?" ಎಂದು ಕೇಳಿದೆ.

"ಕಲಿಯಾದೇನು ತಾಯಿ, ಕೈಗುಣ" ಎಂದ.

"ನಿಮ್ಮ ಕೈಗುಣ ನಿಮ್ಮ ಕೈಯಾಗೇ ಇಟ್ಕಳಿ" ಎಂದು ಎದ್ದು ಒಳಗೆ ಹೋದೆ. ನೋವಿಗಿಂತ ಹೆಚ್ಚಾಗಿ ಸಿಟ್ಟಿಗೇ ಅಳು ಬಂತು. ಡಾಕ್ಟರು ಹೇಳಿದ್ದ ಮಾತು ಅಡುಗೆಮನೆಯಲ್ಲಿ ಕೂತಾಗ ನೆನಪಾಯಿತು. ಅಷ್ಟೇ, ಶಪಥ ಮಾಡಿದೆ: ಇನ್ನು ಮೇಲೆ ಲೈಸೆನ್ಸ್ ತೋರಿಸದವರು ಯಾರೂ ಈ ಭುಜ ಮುಟ್ಟುವ ಹಾಗಿಲ್ಲ.

ಹಾಗೆ ನಮ್ಮ ಹುಡುಕಾಟ ಶುರುವಾಯಿತು. ತಿಪಟೂರಿನಲ್ಲಿ ಒಂದು ಕಡೆ ಫಿಜಿಯೋ ಎಂದು ದೊಡ್ಡ ಬೋರ್ಡು ನೋಡಿ ಒಳಗೆ ಹೋದರೆ, ಸಾಲಾಗಿ ಕರೆಂಟಿನಲ್ಲಿ ಬಿಸಿಯಾಗುವ ಮಂಚಗಳು. ಅವುಗಳ ಮೇಲೆ ಊರಿನ ಹಿರಿಯರೆಲ್ಲ ಕಣ್ಣು ಮುಚ್ಚಿ ಸುಖವಾಗಿ ಮಲಗಿದ್ದರು. ಮಲಗಿಕೊಳ್ಳಿ ಅಮ್ಮ, ಎಲ್ಲ ಕಾಯಿಲೆಗೂ ಇದೊಂದೇ ಎಂದು ಟೈ ಕಟ್ಟಿದ ಯುವಕನೊಬ್ಬ ಹೇಳಿದ. ಎಲ್ಲ ಕಾಯಿಲೆ ನನಗಿಲ್ಲ, ಭುಜ ಒಂದೇ, ನಿಮ್ಮ ಲೈಸೆನ್ಸ್ ಎಲ್ಲಿ ಎಂದೆ. ಅವನು ಮಂಚದ ಗ್ಯಾರಂಟಿ ಕಾರ್ಡು ತೋರಿಸಿದ. ಇನ್ನೊಂದು ಕಡೆ ಗೋಡೆಯ ಮೇಲೆ ಗಾಜು ಹಾಕಿಸಿದ ಸರ್ಟಿಫಿಕೇಟೇ ಇತ್ತು. ನನಗೆ ಖುಷಿಯಾಗಿ ಕೂತುಬಿಟ್ಟೆ. ನನ್ನ ಗಂಡ ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ಅಕ್ಷರ ಅಕ್ಷರ ಕೂಡಿಸಿ ಓದಿ ಬಂದು ಕಿವಿಯಲ್ಲಿ ಹೇಳಿದರು, "ಎದ್ದೇಳೇ. ಅದು ಟೈಪಿಂಗ್ ಪರೀಕ್ಷೇದು."

ಊರಿನಲ್ಲಿ ಸುದ್ದಿ ಹಬ್ಬಿತು. ಹಾಲಿನ ಡೇರಿಯ ಹತ್ತಿರ ಹೆಂಗಸರು ನನ್ನನ್ನು ಕಂಡರೆ, "ಆರ್‌ಟಿಓ ಬಂದ್ರು, ಎಲ್ರೂ ಲೈಸೆನ್ಸ್ ತಕ್ಕಳಿ" ಎಂದು ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಗಲಿ ಬಿಡಿ, ಅವರ ಕೈಗಳೆಲ್ಲ ಮೇಲೇಳುತ್ತಿದ್ದವು.

ಒಂದು ಮಧ್ಯಾಹ್ನ ಹೀಗೆಯೇ ತಿರುಗಿ ಸುಸ್ತಾಗಿ ತಿಪಟೂರಿನಿಂದ ಬಸ್ಸು ಹತ್ತಿದ್ದೆವು. ಗಂಡ ಹಿಂದೆ ನಿಂತಿದ್ದರು, ನನಗೆ ಸೀಟು ಸಿಕ್ಕಿತ್ತು. ನಾನು ಚಿಲ್ಲರೆ ಚೀಲವನ್ನು ಯಾವಾಗಲೂ ಬಲಸೊಂಟಕ್ಕೆ ಸಿಕ್ಕಿಸಿಕೊಳ್ಳುವವಳು, ಬಲಗೈ ಅಲ್ಲಿಗೆ ಹೋಗುವುದಿಲ್ಲ. ಕಂಡಕ್ಟರು ಬಂದು ನಿಂತಿದ್ದಾರೆ, ನಾನು ಎಡಗೈಯನ್ನು ಹೊಟ್ಟೆಯ ಮೇಲಿಂದ ತಂದು ತಡಕಾಡುತ್ತಿದ್ದೇನೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಅದನ್ನೇ ನೋಡುತ್ತಿದ್ದಳು. ಚೂಡಿದಾರ, ಕಾಲಿಗೆ ಓಟಗಾರರ ಬೂಟು, ಮಡಿಲಲ್ಲಿದ್ದ ಚೀಲದಿಂದ ಹಳದಿ ಕೆಂಪು ರಬ್ಬರ್ ಪಟ್ಟಿಗಳು ಇಣುಕುತ್ತಿದ್ದವು.

"ಅಮ್ಮಾ, ಆ ಭುಜ ಹಿಡ್ಕೊಂಡು ಎಷ್ಟು ತಿಂಗಳಾಯ್ತು?" ಎಂದಳು.

ನಾನು ತಿರುಗಿ ನೋಡಿದೆ. "ನಿಂಗೆಂಗೆ ಗೊತ್ತು?"

"ನಾನು ಫಿಜಿಯೋಥೆರಪಿಸ್ಟು."

ಯೋಚನೆ ಮಾಡುವ ಮೊದಲೇ ಬಾಯಿಂದ ಬಂದುಬಿಟ್ಟಿತು, "ಲೈಸೆನ್ಸ್ ಐತಾ?"

ನನ್ನ ದನಿ ಸಣ್ಣದಲ್ಲ. ಮುಂದಿನ ಸೀಟಿನವರೆಲ್ಲ ತಿರುಗಿದರು. ಕಂಡಕ್ಟರು, "ಅಮ್ಮೋ, ಅಂಗೇ ನಮ್ ಡ್ರೈವರ್ನೂ ಒಂದ್ಸಲ ಕೇಳ್ಬುಡಿ" ಎಂದರು. ಬಸ್ಸೆಲ್ಲ ನಕ್ಕಿತು. ಹುಡುಗಿ ಮುನಿಸಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಎರಡೂ ಕೈ ತಟ್ಟಿ ಕೂತಲ್ಲೇ ನನ್ನ ಕಡೆ ತಿರುಗಿದಳು.

"ಇಲ್ಲೀವರ್ಗೂ ಒಬ್ರೂ ನನ್ನ ಇದನ್ನ ಕೇಳೇ ಇಲ್ಲ ಕಣಮ್ಮ! ಎಲ್ರೂ ಮದ್ವೆ ಆಗೈತಾ ಅಂತ ಕೇಳ್ತಾರೆ, ಯಾವೂರು ಸೊಸೆ ಅಂತ ಕೇಳ್ತಾರೆ. ತಡೀರಿ, ತೋರಿಸ್ತೀನಿ."

ಫೋನು ತೆಗೆದು ತೋರಿಸಿಯೇಬಿಟ್ಟಳು. ಕಾಲೇಜಿನ ಡಿಗ್ರಿ ಒಂದು, ವೃತ್ತಿ ಮಾಡಲು ಸರ್ಕಾರದ ನೋಂದಣಿ ಇನ್ನೊಂದು, ಅದರಲ್ಲಿ ಅವಳ ಫೋಟೋ. ನನ್ನ ಗಂಡ ಜನರ ನಡುವೆ ನುಗ್ಗಿ ಬಂದು ಫೋನು ಇಸಕೊಂಡು ಓದಿದರು. ಒಮ್ಮೆ ಫೋಟೋ ನೋಡುತ್ತಾರೆ, ಒಮ್ಮೆ ಅವಳ ಮುಖ ನೋಡುತ್ತಾರೆ. ಕೊನೆಗೆ ಇಡೀ ಬಸ್ಸಿಗೆ ಕೇಳುವಂತೆ, "ಒರಿಜಿನಲ್ಲೇ ಕಣೇ!" ಎಂದರು.

ಆ ಕ್ಷಣ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಕಳೆದುಹೋದ ಹಸು ತಾನಾಗಿ ಬಂದು ಬಾಗಿಲಲ್ಲಿ ನಿಂತ ಹಾಗಾಯಿತು. ಕೇಳುತ್ತ ಹೋದರೆ ಇನ್ನೂ ಆಶ್ಚರ್ಯ. ಅವಳು ನಮ್ಮ ಕೆರೆಯ ಆಚೆ ದಡದ ಊರಿಗೆ ಹೋದ ವರ್ಷ ಮದುವೆಯಾಗಿ ಬಂದವಳು. ಬೆಳಗ್ಗೆ ತಿಪಟೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ, ಸಂಜೆ ಮನೆಯ ಮುಂದಿನ ಕೋಣೆಯಲ್ಲಿ ಬಂದವರನ್ನು ನೋಡುತ್ತಾಳೆ. ನಮ್ಮ ತೋಟದ ಕೊನೆಯಿಂದ ಕೂಗಿದರೆ ಅವರ ತೋಟಕ್ಕೆ ಕೇಳುತ್ತದೆ. ಆ ಊರಿನವರು ಅವಳನ್ನು ಎಕ್ಸರ್‌ಸೈಜ್ ಸೊಸೆ ಎಂದು ಕರೆಯುವುದನ್ನು ನಾನೇ ಡೇರಿಯಲ್ಲಿ ಕೇಳಿದ್ದೆ. ಯಾರೋ ಮೈ ಇಳಿಸಿಕೊಳ್ಳುವ ಹುಡುಗಿ ಇರಬೇಕೆಂದು ಸುಮ್ಮನಾಗಿದ್ದೆ. ನಾವು ಇಳಿಯುವ ನಿಲ್ದಾಣದಲ್ಲಿ ಅವಳೂ ನಮ್ಮ ಜೊತೆಗೇ ಇಳಿದಳು. ಕೆರೆ ಏರಿಯ ಮೇಲೆ ನಡೆದುಕೊಂಡು ನೇರವಾಗಿ ಅವಳ ಮನೆಗೇ ಹೋದೆವು. ನಾಳೆ ಬನ್ನಿ ಎಂದಳು, ನಾನು ಕೇಳಲಿಲ್ಲ.

ಅವಳ ಕೋಣೆಯಲ್ಲಿ ಒಂದು ಮಂಚ, ಒಂದು ಕನ್ನಡಿ, ಗೋಡೆಗೆ ರಾಟೆ. ಶಾಲೆಯ ಮಕ್ಕಳ ಕೋನಮಾಪಕದ ಹಾಗಿರುವ ಉಪಕರಣದಿಂದ ನನ್ನ ಕೈ ಎಲ್ಲಿಯವರೆಗೆ ಏಳುತ್ತದೆ ಎಂದು ಅಳೆದಳು. ಎಲ್ಲಿ ನೋವು ಶುರುವಾಗುತ್ತದೆ, ಎಲ್ಲಿ ತಡೆಯುತ್ತದೆ ಎಂದು ಕೇಳಿ ಕೇಳಿ ಮುಟ್ಟಿದಳು. ನೋವಾಗುತ್ತದೆ ಎಂದರೆ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಇಷ್ಟು ದಿನ ಏನು ಮಾಡಿದಿರಿ ಎಂದಾಗ ನನ್ನ ಗಂಡ ಎಣ್ಣೆ ಬಾಟಲಿಯ ಕಥೆಯನ್ನು ಹೆಮ್ಮೆಯಿಂದಲೇ ಹೇಳಿದರು. ಅವಳು ಮೊದಲು ತುಟಿ ಕಚ್ಚಿದಳು. ಆಮೇಲೆ ತಡೆಯಲಾರದೆ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಕಾಗೆ ಓಡಿಸುವ ಕೋಲಿನ ವಿಷಯವನ್ನೂ ನಾನು ಸೇರಿಸಿದೆ. ಕೆಳಗೆ ಕೂತೇಬಿಟ್ಟಳು.

ಸಾವರಿಸಿಕೊಂಡು ತಿಳಿಸಿ ಹೇಳಿದಳು. ಭುಜದ ಕೀಲನ್ನು ಸುತ್ತಿಕೊಂಡು ಒಂದು ಪೊರೆ ಇರುತ್ತದೆ, ಅದು ದಪ್ಪವಾಗಿ ಬಿಗಿದುಕೊಂಡಿದೆ. ಚಳಿಗೂ ಇದಕ್ಕೂ ಸಂಬಂಧವಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಹೆಚ್ಚಾಗಿ ಬರುತ್ತದೆ. ದಿನವೂ ಬಿಡದೆ, ಅವಸರ ಮಾಡದೆ, ಸ್ವಲ್ಪ ಸ್ವಲ್ಪವೇ ಚಾಲನೆ ಕೊಡುತ್ತ ಬಂದರೆ ಅದು ಬಿಡುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

"ಹೆಸ್ರಿಟ್ಟೋರಿಗೆ ಎಣ್ಣೆ ವಿಷ್ಯ ಗೊತ್ತಿಲ್ಲ ಬುಡಮ್ಮ, ಅದ್ಕೇ ಹಿಂಗಾಗೈತೆ" ಎಂದು ನನ್ನ ಗಂಡ ತಪ್ಪನ್ನು ಇಂಗ್ಲಿಷಿನ ತಲೆಗೆ ಕಟ್ಟಿದರು.

ಆಮೇಲೆ ಅವಳು ಒಂದು ಪ್ರಶ್ನೆ ಕೇಳಿದಳು. ಅದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. "ಈ ಕೈಯಲ್ಲಿ ನೀವು ಏನು ಮಾಡ್ಬೇಕು ಅಂತೀರಮ್ಮಾ?"

ತುರುಬು, ಡಬ್ಬಿ, ಹಾಲು ಕರೆಯುವುದು ಎಲ್ಲ ನಾಲಿಗೆಯ ತುದಿಗೆ ಬಂತು. ನಾನು ಹೇಳಿದ್ದು, "ಅಟ್ಟಕ್ಕೆ ಕಾಯಿ ಎಸೀಬೇಕು."

ಅವಳಿಗೆ ಅರ್ಥವಾಗಲಿಲ್ಲ. ಎಡಗೈಯಲ್ಲೇ ಮಾಡಿ ತೋರಿಸಿ ಎಂದಳು. ನನ್ನ ಗಂಡ ಚಪ್ಪಲಿ ಬಿಟ್ಟು ಅವಳ ಮಂಚ ಹತ್ತಿ ಕುಕ್ಕರಗಾಲಲ್ಲಿ ಕೂತರು. ನಾನು ಅವಳ ದಿಂಬನ್ನು ಮುದುಡಿ ಎಡಗೈಯಲ್ಲಿ ಬೀಸಿದೆ. ದಿಂಬು ಸೀದಾ ಹೋಗಿ ಬಾಗಿಲಲ್ಲಿ ಕಾಫಿ ಹಿಡಿದು ಬರುತ್ತಿದ್ದ ಅವಳ ಅತ್ತೆಯ ತಟ್ಟೆಗೆ ಬಡಿಯಿತು. ಕಾಫಿ ಚೆಲ್ಲಿತು. ಥೆರಪಿ ಹುಡುಗಿ ಅದನ್ನು ಒರೆಸುತ್ತಲೇ, "ಗೊತ್ತಾಯ್ತು, ಗೊತ್ತಾಯ್ತು, ಕೆಳಗಿಂದ ಬೀಸಿ ಮೇಲಕ್ಕೆ ಬಿಡೋದು" ಎಂದು ತನ್ನ ತೋಳನ್ನು ತಾನೇ ಆಡಿಸಿ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಹೊಳಪು ಕಂಡು ನನಗೂ ಆಸೆ ಹುಟ್ಟಿತು. "ಆಗುತ್ತೆ ಅಂತ ಮಾತು ಕೊಡಲ್ಲ. ನೀವು ಬಿಡಬೇಡಿ, ನಾನೂ ಬಿಡಲ್ಲ" ಎಂದಳು. ಮಾತು ಕೊಡದ ವೈದ್ಯರನ್ನು ನಾನು ಕಂಡದ್ದು ಅದೇ ಮೊದಲು, ಅದಕ್ಕೇ ನಂಬಿದೆ.

ಚಿಕಿತ್ಸೆಯ ಮೊದಲ ದಿನ ಅತ್ತೆಯೂ ಜೊತೆಗೆ ಬಂದಿದ್ದರು. ಹುಡುಗಿ ವ್ಯಾಯಾಮಕ್ಕೆ ಮುಂಚೆ ನನ್ನ ಭುಜದ ಮೇಲೆ ಬಿಸಿ ಚೀಲ ಇಟ್ಟಳು. ಅತ್ತೆ ಎದ್ದು ನಿಂತರು. "ನಾನ್ ಏಳ್ಳಿಲ್ವಾ, ಶಾಖ ಬೇಕು ಅಂತ! ನೀನು ಇದನ್ನ ಓದಿ ಕಲ್ತೆ, ನಾನು ಓದ್ದೆ ಕಲ್ತೆ" ಎಂದರು. ಶಾಖ ಬರೀ ಶುರುವಿಗೆ ಅಜ್ಜಿ, ಕೆಲಸವೆಲ್ಲ ಆಮೇಲೆ ಎಂದು ಹುಡುಗಿ ಎಷ್ಟು ಹೇಳಿದರೂ ಕೇಳಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಗೆದ್ದ ಪಂಚಾಯಿತಿ ಮೆಂಬರರ ಹಾಗೆ ನಡೆದರು.

ಕೆಲಸ ಎಂದರೆ ನಿಜವಾಗಿಯೂ ಕೆಲಸವೇ. ಮುಂದಕ್ಕೆ ಬಾಗಿ ನಿಂತು ಚೊಂಬು ಹಿಡಿದ ಕೈಯನ್ನು ಗಡಿಯಾರದ ಲೋಲಕದಂತೆ ತೂಗಿ ಬಿಡಬೇಕು. ಬೆನ್ನ ಹಿಂದೆ ಟವೆಲ್ಲು ಹಿಡಿದು ಎಳೆಯಬೇಕು. ಗೋಡೆಯ ಮೇಲೆ ಬೆರಳುಗಳನ್ನು ಹಲ್ಲಿಯ ಹಾಗೆ ಮೇಲಕ್ಕೆ ಹರಿಸಬೇಕು. ನನ್ನ ಗಂಡ ಹಳೇ ಬಾವಿಯ ರಾಟೆ ತಂದು ತೊಲೆಗೆ ಕಟ್ಟಿ ಹಗ್ಗ ಇಳಿಬಿಟ್ಟರು. ಎಡಗೈ ಎಳೆದರೆ ಬಲಗೈ ಮೇಲಕ್ಕೆ ಹೋಗುವ ಏರ್ಪಾಟು. ಗೋಡೆಯ ಮೇಲೆ ನನ್ನ ಬೆರಳು ಮುಟ್ಟಿದಲ್ಲಿಗೆ ಅವರು ಇದ್ದಿಲಿನ ಗೆರೆ ಎಳೆಯುತ್ತಿದ್ದರು. ಬಿಳಿ ಸುಣ್ಣದ ಗೋಡೆ ಹಾಳಾಗುತ್ತದೆ ಎಂದು ನಾನು ಬೈದರೆ, ನಿನ್ನ ಕೈ ಮೇಲಿನ ಸೂರು ಮುಟ್ಟಿದ ದಿನ ಸುಣ್ಣ ಹೊಡೆಸುತ್ತೇನೆ ಎನ್ನುತ್ತಿದ್ದರು.

ಎಲ್ಲ ದಿನವೂ ಉತ್ಸಾಹದಲ್ಲೇ ಇದ್ದೆ ಎಂದರೆ ಸುಳ್ಳಾಗುತ್ತದೆ. ಬೇಸಿಗೆಯಲ್ಲಿ ಗೆರೆ ಒಂದೇ ಕಡೆ ನಿಂತುಬಿಟ್ಟಿತು. ಎಷ್ಟು ಹರಿಸಿದರೂ ಬೆರಳು ಅದನ್ನು ದಾಟಲಿಲ್ಲ. ಒಂದು ಬೆಳಗ್ಗೆ ಚೊಂಬನ್ನು ಅಂಗಳಕ್ಕೆ ಎಸೆದು, "ಯಾರಿಗೂ ಬ್ಯಾಡ ಈ ಸರ್ಕಸ್ಸು, ಎಳ್ನೀರಿಗೇ ಕೊಟ್ಬುಡಿ" ಎಂದು ಕೂಗಾಡಿದೆ. ಗಂಡ ಚೊಂಬು ಎತ್ತಿಟ್ಟು ತೋಟಕ್ಕೆ ಹೋದರು.

ಸ್ವಲ್ಪ ಹೊತ್ತಿಗೆ ಸಿಟ್ಟು ಇಳಿದು, ಬುತ್ತಿ ತೆಗೆದುಕೊಂಡು ನಾನೂ ಹೋದೆ. ತೋಟದ ದಾರಿಯಲ್ಲಿ ಎಳನೀರಿನ ಲಾರಿ ನಿಂತಿತ್ತು. ವ್ಯಾಪಾರಿ ಕೈ ಆಡಿಸುತ್ತ, "ಎಷ್ಟು ಸಲ ಬರಾದು ಯಜಮಾನ್ರೇ? ಇನ್ನು ಎಂಟತ್ತು ದಿನ ಬುಟ್ರೆ ಬಲ್ತು ಹೋಯ್ತವೆ. ಆಮ್ಯಾಕೆ ನಮ್ಗೆ ಕೆಲ್ಸಕ್ಕೆ ಬರಕ್ಕಿಲ್ಲ" ಎಂದು ವಾದಿಸುತ್ತಿದ್ದ. ನನ್ನ ಗಂಡ ನನಗೆ ಬೆನ್ನು ಹಾಕಿ ನಿಂತಿದ್ದರು.

"ಬಲೀಲಿ ಅಂತಾನೇ ಬುಟ್ಟಿರಾದು" ಎಂದರು. "ಅಟ್ಟಕ್ಕಾಯ್ತವೆ."

ನಾನು ಬಾಳೆಯ ಮರೆಯಲ್ಲಿ ನಿಂತು ಮೇಲೆ ನೋಡಿದೆ. ಹುಡುಕಾಟ, ಗೋಡೆ, ಗೆರೆ ಎಂದು ತಿರುಗುತ್ತಿದ್ದವಳು ಆ ವರ್ಷ ಮರಗಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಒಂದು ಗೊನೆಯನ್ನೂ ಎಳನೀರಿಗೆ ಕಡಿಸಿರಲಿಲ್ಲ. ಕೊಡೋಣ ಎಂದು ಅವತ್ತು ಬಾಯಲ್ಲಿ ಹೇಳಿದವರು ಒಂದನ್ನೂ ಕೊಟ್ಟಿರಲಿಲ್ಲ. ನನಗೆ ಒಂದು ಮಾತೂ ಹೇಳದೆ ಇಡೀ ತೋಟವನ್ನು ನನ್ನ ಭುಜದ ಮೇಲೆ ಪಣ ಕಟ್ಟಿದ್ದರು. ಬುತ್ತಿಯನ್ನು ಬದುವಿನ ಮೇಲಿಟ್ಟು ಮನೆಗೆ ವಾಪಸು ಓಡಿ ಬಂದು ಗೋಡೆಗೆ ಬೆರಳು ಹಚ್ಚಿದೆ.

ಆಷಾಢದ ಗಾಳಿ ಏಳುವ ಹೊತ್ತಿಗೆ ಬೆರಳು ಸೂರಿನ ಹತ್ತಿರ ಬಂದಿತ್ತು. ಮೇಲಿನ ಸೂರು ಮುಟ್ಟಿರಲಿಲ್ಲ, ಬಲಗೈ ಬೆನ್ನ ಹಿಂದೆ ರವಿಕೆಯ ದಾರದವರೆಗೂ ಪೂರ್ತಿ ಹೋಗುತ್ತಿರಲಿಲ್ಲ. ಆದರೆ ತುರುಬು ನಾನೇ ಕಟ್ಟಿಕೊಳ್ಳುತ್ತಿದ್ದೆ. ಕಾಯಿ ಕೆಡವಿಸಿ ಅಂಗಳದಲ್ಲಿ ಗುಡ್ಡೆ ಹಾಕಿಸಿದ್ದೆವು. ಥೆರಪಿ ಹುಡುಗಿ ಒಂದು ಕಾಯಿಯನ್ನು ಎತ್ತಿ ತೂಕ ನೋಡಿ, ಮೊದಲು ಹಗುರವಾದ ಕೆಲವನ್ನು ಮಾತ್ರ ನೀವು ಎಸೆಯಿರಿ, ನಾನು ಸಾಕು ಎಂದಾಗ ನಿಲ್ಲಿಸಬೇಕು, ಉಳಿದದ್ದು ಕೆಲಸದವರು ಕುಕ್ಕೆಯಲ್ಲಿ ಹೊರಲಿ ಎಂದು ಷರತ್ತು ಹಾಕಿದಳು. ಒಪ್ಪಿದೆ. ಅವಳೇ ಗುಡ್ಡೆಯನ್ನೆಲ್ಲ ಕೆದಕಿ ಹಗುರವಾದವನ್ನು ಆರಿಸಿ ನನ್ನ ಬಲಗಡೆ ಇಟ್ಟಳು.

ಗಂಡ ಏಣಿ ಹತ್ತಿ ಅಟ್ಟದ ಬಾಯಲ್ಲಿ ಕೂತರು. ಒಳಗೆ ಕತ್ತಲು, ಅವರ ಮಂಡಿ ಮತ್ತು ಚಾಚಿದ ಎರಡು ಕೈ ಮಾತ್ರ ಕಾಣುತ್ತಿದ್ದವು. ಅತ್ತೆ ಬಾಗಿಲಲ್ಲಿ ಕೂತು ದೇವರನ್ನು ಕರೆಯುತ್ತಿದ್ದರು. ಮೊದಲ ಕಾಯಿ ಎತ್ತಿ ಬೀಸಿದೆ. ಭುಜ ಅರ್ಧಕ್ಕೇ ಹೆದರಿತು. ಕಾಯಿ ಅಟ್ಟದ ಅಂಚಿಗೆ ಬಡಿದು, ಕೆಳಗೆ ಬಿದ್ದು, ಅತ್ತೆಯ ಕಾಲ ಬುಡಕ್ಕೆ ಉರುಳಿತು.

ಬೇರೆ ವರ್ಷವಾಗಿದ್ದರೆ ಮೇಲಿನಿಂದ ಎಂಥೆಂಥ ಮಾತು ಬರುತ್ತಿದ್ದವು! ಅವತ್ತು ಅವರು ಉಸಿರೂ ಬಿಡಲಿಲ್ಲ. ಆ ಮೌನ ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಯಾಕ್ರೀ ಸುಮ್ಕಿದೀರಾ? ಆಡ್ಕಳಿ! ಬಾಯಿ ಬಿದ್ದೋಯ್ತಾ?"

"ನೀನು ಎಸಿ" ಎಂದರು. ಅಷ್ಟೇ.

ಹುಡುಗಿ ಹತ್ತಿರ ಬಂದು ನನ್ನ ಬೆನ್ನಿಗೆ ಅಂಗೈ ಕೊಟ್ಟು, "ಭುಜ ಒಂದೇ ಎಸೆಯಲ್ಲಮ್ಮ, ಕಾಲಿಂದ ತನ್ನಿ" ಎಂದಳು. ಎರಡನೆಯದನ್ನು ಎತ್ತಿಕೊಂಡೆ. ಮಂಡಿ ಬಗ್ಗಿಸಿ, ಉಸಿರು ಬಿಟ್ಟು, ಕೆಳಗಿನಿಂದ ಬೀಸಿ ಬಿಟ್ಟೆ. ಭುಜದಲ್ಲಿ ನೋವು ಹರಿಯಿತು, ಆದರೆ ಈ ಸಲ ಅದು ನನ್ನನ್ನು ತಡೆಯಲಿಲ್ಲ. ಕಾಯಿ ಮೇಲೆ ಹೋಯಿತು. ಅಟ್ಟದ ಕತ್ತಲೊಳಗೆ ಸೇರಿತು. ನಾನು ಕಿವಿಗೊಟ್ಟು ನಿಂತೆ. ಕೈ ತಪ್ಪಿದ ಕಾಯಿ ಹಲಗೆಯ ಮೇಲೆ ಧಡ್ ಎಂದು ಬೀಳುತ್ತದೆ. ಅಂಥ ಸದ್ದೇನೂ ಕೇಳಲಿಲ್ಲ.

"ಹಿಡಿದ್ರಾ?" ಎಂದು ಕೂಗಿದೆ.

ಹುಡುಗಿ ಕೂಗುತ್ತ ಕುಣಿಯುತ್ತಿದ್ದಳು, ಅತ್ತೆ ಜೋರಾಗಿ ಅಳುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಗಂಡ ಅಂಚಿಗೆ ಸರಿದು ಕೆಳಗೆ ಬಗ್ಗಿದರು. ಕಾಯಿಯನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಿದ್ದರು. ಕಣ್ಣು ಒರೆಸಿಕೊಳ್ಳೋಣ ಎಂದರೆ ಕೈ ಬಿಡುವಿರಲಿಲ್ಲ.

"ಇಡ್ರೀ ಅದನ್ನ ಅತ್ಲಾಗೆ" ಎಂದೆ. "ಇನ್ನೊಂದು ಬತ್ತೈತೆ."

"ಇಡ್ತೀನಿ ಕಣೇ, ತಡಿ" ಎಂದರು. ಇಡಲಿಲ್ಲ. ನಾನು ಮೂರನೆಯದನ್ನು ಕೈಗೆತ್ತಿಕೊಂಡು ಕೆಳಗೆ ಕಾಯುತ್ತ ನಿಂತೆ.